ಎಣ್ಣೆ ಕ್ಯಾನಿನ ಪೆಟ್ಟಿಗೆ

ಭಾನುವಾರ ಬೆಳಿಗ್ಗೆ ಬಿದನೂರು ನಗರದ ಹೋಟೆಲಿನ ಮುಂದೆ ನಾಲ್ಕೈದು ಬೈಕುಗಳು ನಿಂತಿದ್ದವು. ಬೆಂಗಳೂರಿನ ಹುಡುಗರು, ಹುಲಿಕಲ್ ಘಾಟಿಗೆ ಹೊರಟವರು. ಒಂದೊಂದು ಬೈಕಿನ ಎರಡೂ ಪಕ್ಕೆಗೆ ಮಿರಿಮಿರಿ ಮಿಂಚುವ ಅಲ್ಯುಮಿನಿಯಂ ಪೆಟ್ಟಿಗೆಗಳು, ಅವುಗಳ ಮೇಲೆ ಲಡಾಖ್, ಸ್ಪಿತಿ ಎಂದೆಲ್ಲ ಬರೆದ ಸ್ಟಿಕ್ಕರುಗಳು. ಪಕ್ಕದಲ್ಲಿ ನನ್ನ ಎಕ್ಸ್‌ಪಲ್ಸ್. ಮೈಯೆಲ್ಲ ಕೆಮ್ಮಣ್ಣು. ಎಡಗಡೆ ನೀಲಿ ಪ್ಲಾಸ್ಟಿಕ್ಕಿನ ಡಬ್ಬ, ಬಲಗಡೆ ತಗಡಿನ ಮರೆಯ ಹಿಂದೆ ಇನ್ನೊಂದು ಡಬ್ಬ, ಹಿಂದೆ ಲಾರಿ ಟ್ಯೂಬಿನ ಪಟ್ಟಿಗಳಲ್ಲಿ ತೂಗುವ ಕೊಡದಂಥದ್ದು, ಅದರ ಪಕ್ಕದಲ್ಲಿ ತೋಟದ ನೀರಾವರಿಗೆ ಹಾಕುವ ನಾಲ್ಕಿಂಚಿನ ಪಿವಿಸಿ ಪೈಪಿನ ತುಂಡು. ಹುಡುಗರಲ್ಲೊಬ್ಬ ಅದಕ್ಕೆ ಎರಡು ಪ್ರದಕ್ಷಿಣೆ ಹಾಕಿ, ಬಗ್ಗಿ ನೋಡಿ, ‘ಇದು ಯಾವ ಕಂಪನಿದು ಸಾರ್?’ ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಹೋಟೆಲಿನ ಯಜಮಾನರು ದೋಸೆ ಮಗುಚುತ್ತ, ‘ಆ ಡಬ್ಬ ನಮ್ಮ ಹೋಟ್ಲಿಂದು. ಪಾಮ್ ಆಯಿಲ್ ಕಂಪನಿ’ ಎಂದರು.

ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ಹುಡುಗ ಮಾತ್ರ ನಗಲಿಲ್ಲ. ಚೌಕಟ್ಟನ್ನು ಬೈಕಿಗೆ ಎಲ್ಲಿ ಕಚ್ಚಿಸಿದ್ದೀರಿ, ಯಾವ ಅಳತೆಯ ಪೈಪು, ನಂಬರ್ ಪ್ಲೇಟಿನ ಕೆಳಗೆ ಎರಡೂ ಬದಿಯನ್ನು ಜೋಡಿಸುವ ಅಡ್ಡ ಪೈಪು ಯಾಕೆ ಎಂದು ಒಂದೊಂದಾಗಿ ಕೇಳಿದ. ಅವನ ದುಬಾರಿ ಪೆಟ್ಟಿಗೆಯ ಚೌಕಟ್ಟು ಚಿಕ್ಕಮಗಳೂರಿನ ಯಾವುದೋ ಕಾಡುದಾರಿಯಲ್ಲಿ ಬಿರುಕು ಬಿಟ್ಟಿತ್ತಂತೆ. ಮಿಕ್ಕದ್ದಕ್ಕೆಲ್ಲ ಉತ್ತರ ಹೇಳಿದೆ. ಆ ಅಡ್ಡ ಪೈಪಿನ ಪ್ರಶ್ನೆಗೆ ಮಾತ್ರ ‘ಅದು ಇರಬೇಕಪ್ಪ, ಇಲ್ಲದಿದ್ದರೆ ಆಗೂದಿಲ್ಲ’ ಎಂದು ಹಾರಿಸಿದೆ. ಅದರ ಕತೆ ದೋಸೆ ತಿನ್ನುತ್ತ ಹೇಳುವಂಥದ್ದಲ್ಲ.

ನಾನು ದನದ ಡಾಕ್ಟರು. ಹೊಸನಗರ ಸೀಮೆಯ ಒಂದು ಪಶು ಆಸ್ಪತ್ರೆಗೆ ಬಂದಾಗ ನನ್ನ ಹತ್ತಿರ ಇದ್ದದ್ದು ಒಂದು ಹಳೆಯ ನೂರು ಸಿಸಿ ಬೈಕು, ಹೆಗಲಿಗೊಂದು ಚೀಲ. ಇಲ್ಲಿಯ ಮನೆಗಳು ಊರು ಎನ್ನುವ ಹಾಗೆ ಒಂದೆಡೆ ಇರುವುದಿಲ್ಲ. ಒಂದು ಗುಡ್ಡದ ಬುಡಕ್ಕೊಂದು ಮನೆ, ಮುಂದೆ ಗದ್ದೆ, ಪಕ್ಕಕ್ಕೆ ಅಡಿಕೆ ತೋಟ. ಆಮೇಲೆ ಹಳ್ಳ, ಕಾಡು, ಇನ್ನೊಂದು ಗುಡ್ಡ, ಇನ್ನೊಂದು ಮನೆ. ಡಾಂಬರು ಮುಗಿದ ಮೇಲೆ ಎರಡು ಮೂರು ಕಿಲೋಮೀಟರು ಕೆಮ್ಮಣ್ಣಿನ ಏರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ರಸ್ತೆಯಲ್ಲ, ಜಾರುಬಂಡೆ. ದನವನ್ನು ಆಸ್ಪತ್ರೆಗೆ ತನ್ನಿ ಎನ್ನುವ ಮಾತೇ ಇಲ್ಲ. ಎದ್ದು ನಿಲ್ಲುವ ದನಕ್ಕೆ ಡಾಕ್ಟರು ಬೇಕಾಗುವುದೂ ಕಡಿಮೆ. ಆಸ್ಪತ್ರೆಯೇ ಮನೆಗೆ ಹೋಗಬೇಕು.

ಹೋಗುವ ಆಸ್ಪತ್ರೆಯಲ್ಲಿ ಏನೇನಿರಬೇಕು? ಕರು ಅಡ್ಡ ಸಿಕ್ಕಿಕೊಂಡಿದ್ದರೆ ಎಳೆಯಲು ಹಗ್ಗ, ಕೊಕ್ಕೆ, ಹೆಗಲವರೆಗೆ ಬರುವ ಕೈಗವಸು. ಹೊಟ್ಟೆ ಉಬ್ಬರಕ್ಕೆ ಬಾಯಿಂದ ಹೊಟ್ಟೆಗಿಳಿಸುವ ರಬ್ಬರ್ ಕೊಳವೆ. ಹೋರಿಗಳ ಬೀಜ ಒಡೆಯುವ ಬರ್ಡಿಜೋ ಇಕ್ಕಳ. ಅದು ಅಪ್ಪಟ ಕಬ್ಬಿಣ, ಕಾಲ ಮೇಲೆ ಬಿದ್ದರೆ ಡಾಕ್ಟರಿಗೇ ಡಾಕ್ಟರು ಬೇಕು. ಗಾಜಿನ ಬಾಟ್ಲಿಗಳಲ್ಲಿ ಕ್ಯಾಲ್ಸಿಯಂ, ಗ್ಲೂಕೋಸು. ಕಾಲುಬಾಯಿ ಜ್ವರದ ಲಸಿಕೆಯ ದಿನಗಳಲ್ಲಿ ಮಂಜುಗಡ್ಡೆಯ ಪೆಟ್ಟಿಗೆ. ಆ ಲಸಿಕೆ 2ರಿಂದ 8 ಡಿಗ್ರಿಯೊಳಗೇ ಇರಬೇಕು, ಬಿಸಿಯಾದರೂ ಕೆಟ್ಟಿತು, ಹೆಪ್ಪುಗಟ್ಟಿದರೂ ಕೆಟ್ಟಿತು. ಗಂಬೂಟು, ಟಾರ್ಚು, ಒಂದು ಜೊತೆ ಒಣಗಿದ ಬಟ್ಟೆ. ಎಲ್ಲಕ್ಕಿಂತ ತಂಟೆಯದು ಕೃತಕ ಗರ್ಭಧಾರಣೆಯ ದ್ರವ ಸಾರಜನಕದ ಕ್ಯಾನು.

2019ರಲ್ಲಿ ಎಕ್ಸ್‌ಪಲ್ಸ್ ಬಂದಾಗ ಸಾಲ ಮಾಡಿ ಕೊಂಡೆ. 200 ಸಿಸಿ, ಮುಂದೆ 21 ಇಂಚಿನ ಚಕ್ರ, ನೆಲದಿಂದ ಹೊಟ್ಟೆಗೆ 220 ಮಿಲಿಮೀಟರ್ ಅಂತರ. ಹಳೆಯ ಬೈಕನ್ನು ತಳ್ಳಿಕೊಂಡು ಹೋಗುತ್ತಿದ್ದ ಏರನ್ನು ಇದು ಹತ್ತಿಕೊಂಡೇ ಹೋಯಿತು. ಸೈಲೆನ್ಸರು ಬಲಗಡೆ ಮೇಲಕ್ಕೆ ಎತ್ತಿಕೊಂಡಿರುವುದರಿಂದ ಹಳ್ಳದ ನೀರಿಗೂ ಹೆದರಬೇಕಿಲ್ಲ. ಆದರೆ ಸಾಮಾನು ಎಲ್ಲಿಡುವುದು? ಮೊಪೆಡ್ಡಿನಲ್ಲಾದರೆ ಕಾಲ ನಡುವೆ ಜಾಗವಿರುತ್ತದೆ. ನಮ್ಮ ಹಿಂದಿನವರು ಸಾರಜನಕದ ಕ್ಯಾನನ್ನು ಅಲ್ಲೇ ಎರಡು ಕಾಲಲ್ಲಿ ಒತ್ತಿ ಹಿಡಿದು ತಿರುಗುತ್ತಿದ್ದರು. ಇದು ಗುಡ್ಡ ಹತ್ತಲು ಹುಟ್ಟಿದ ಬೈಕು. ತೆಳು ಸೊಂಟ, ಎತ್ತರದ ಸೀಟು, ಹಿಂದೆ ಪುಟ್ಟದೊಂದು ಲಗೇಜ್ ಪ್ಲೇಟು. ಮಾರುವ ಪೆಟ್ಟಿಗೆಗಳ ಬೆಲೆ ವಿಚಾರಿಸಿದೆ. ಆಮೇಲೆ ವಿಚಾರಿಸಲಿಲ್ಲ.

ಹಾಗಾಗಿ ಹೋಟೆಲಿನ 15 ಲೀಟರಿನ ಎಣ್ಣೆ ಕ್ಯಾನು. ಚೌಕಾಕಾರ, ಗಟ್ಟಿ ಪ್ಲಾಸ್ಟಿಕ್ಕು, ಬಿದ್ದರೆ ತಗ್ಗುತ್ತದೆ, ಒಡೆಯುವುದಿಲ್ಲ. ಮೂರು ದಿನ ಸೀಗೆಪುಡಿ, ಸೋಡಾಪುಡಿ ಹಾಕಿ ತೊಳೆದರೂ ಬಜ್ಜಿಯ ವಾಸನೆ ಹೋಗಲಿಲ್ಲ. (ಈಗಲೂ ಬಿಸಿಲಿಗೆ ಬರುತ್ತದೆ. ನಾಯಿಗಳಿಗೆ ನನ್ನ ಬೈಕೆಂದರೆ ಪ್ರೀತಿ.) ಮೇಲ್ಭಾಗವನ್ನು ಗರಗಸದಲ್ಲಿ ಮೂರು ಬದಿ ಕೊಯ್ದು ಮುಚ್ಚಳ ಮಾಡಿದೆ. ಬಾಗಿಲಿನ ತಿರುಗಣಿಯನ್ನು ಮೊದಲು ಅಂಟಿನಲ್ಲಿ ಕೂರಿಸಿದೆ. ಮರುದಿನ ಉಗುರಿನಲ್ಲೇ ಕಿತ್ತು ಬಂತು. ಈ ಜಾತಿಯ ಪ್ಲಾಸ್ಟಿಕ್ಕಿಗೆ ಯಾವ ಅಂಟೂ ಹಿಡಿಯುವುದಿಲ್ಲವೆಂದು ಆಗ ತಿಳಿಯಿತು. ತೂತು ಕೊರೆದು ಬೋಲ್ಟು ಹಾಕಿದೆ. ಆದರೆ ಬರೀ ಬೋಲ್ಟಿಗೆ ಪ್ಲಾಸ್ಟಿಕ್ಕು ಹರಿಯುತ್ತದೆ. ಒಳಗೂ ಹೊರಗೂ ನಾಣ್ಯಕ್ಕಿಂತ ಅಗಲದ ವಾಷರು ಬೇಕು. ವಾಷರು ಸಿಗದಿದ್ದಾಗ ತಗಡು ಕತ್ತರಿಸಿ ಬಿಲ್ಲೆ ಮಾಡಿಕೊಂಡೆ. ಮುಚ್ಚಳದ ಅಂಚಿಗೆ ಸೈಕಲ್ ಟ್ಯೂಬು ಸೀಳಿ ಕೂರಿಸಿದೆ, ಮಳೆ ನೀರು ಹೋಗದಂತೆ. ಒಳಗೆ ಹಳೆಯ ಕೌದಿಯ ತುಂಡುಗಳನ್ನು ಹೊಲಿದು ಬಾಟ್ಲಿಗೊಂದೊಂದು ಗೂಡು ಮಾಡಿದ್ದು ನನ್ನ ಹೆಂಡತಿ. ಬಾಟ್ಲಿ ಕೂರಿಸಿ ಡಬ್ಬವನ್ನು ಮೆಟ್ಟಿಲ ಮೇಲಿಂದ ಉರುಳಿಸಿ ನೋಡಿದೆವು. ಒಂದೂ ಒಡೆಯಲಿಲ್ಲ. ಆ ದಿನ ನನಗೆ ಏನೋ ದೊಡ್ಡದು ಕಂಡುಹಿಡಿದ ಹಾಗೆ ಆಗಿತ್ತು.

ಬಲಗಡೆಯ ಡಬ್ಬಕ್ಕೆ ಸೈಲೆನ್ಸರಿನ ಕಾವು. ತಗಡನ್ನು ನೇರ ಡಬ್ಬಕ್ಕೇ ಹೊಡೆದರೆ ತಗಡೂ ಕಾದು ಪ್ಲಾಸ್ಟಿಕ್ಕು ಮೆತ್ತಗಾಗುತ್ತದೆ. ತಗಡಿಗೂ ಡಬ್ಬಕ್ಕೂ ನಡುವೆ ಎರಡು ಬೆರಳು ಗಾಳಿ ಆಡಬೇಕು. ಕಬ್ಬಿಣದ ಸಾಮಾನು, ಹಗ್ಗ, ಗಂಬೂಟು ಆ ಕಡೆಗೆ, ಔಷಧಿ ತಂಪಿನ ಎಡಗಡೆಗೆ ಎಂದು ಹಂಚಿದೆ. ಪೆಟ್ಟಿಗೆಗಳು ಎಷ್ಟು ಹೊರಚಾಚಬಹುದು ಎನ್ನುವುದಕ್ಕೆ ನಮ್ಮ ಕಡೆಯ ದಣಪೆಗಳೇ ಅಳತೆಗೋಲು. ದಣಪೆಯಲ್ಲಿ ಹ್ಯಾಂಡಲ್ ನುಗ್ಗಿದರೆ ಪೆಟ್ಟಿಗೆಯೂ ನುಗ್ಗಬೇಕು. ಭಾರದ್ದು ಆದಷ್ಟು ಕೆಳಗೆ, ಆದಷ್ಟು ಮುಂದೆ, ನನ್ನ ಸೊಂಟದ ಹತ್ತಿರ. ಮೊದಲು ಇಕ್ಕಳವನ್ನು ತೀರ ಹಿಂದೆ ಕಟ್ಟಿದ್ದೆ. ಸಂಪೇಕಟ್ಟೆ ಕಡೆಯ ಒಂದು ಏರಿನಲ್ಲಿ ಮುಂದಿನ ಚಕ್ರ ನೆಲ ಬಿಟ್ಟು ಮೇಲೆದ್ದು ನಾನು ಕೆಸರಲ್ಲಿ ಕೂತಿದ್ದೆ. ಮೇಲಿನಿಂದ ನೋಡುತ್ತಿದ್ದ ಯಜಮಾನರು, ‘ಬೈಕು ಎಳಗರು ತರ ಜಿಗಿತದಲ್ಲ ಡಾಕ್ಟ್ರೇ’ ಎಂದಿದ್ದರು.

ಇಷ್ಟೆಲ್ಲ ಯೋಚಿಸಿದವನು ಚೌಕಟ್ಟಿನ ವಿಷಯದಲ್ಲಿ ಜಿಪುಣತನ ಮಾಡಿದೆ. ದುಡ್ಡಿನ ಜಿಪುಣತನವಲ್ಲ, ಹೊತ್ತಿನದು. ಗೇಟು, ಕಿಟಕಿ ಸರಳು, ಅಡಿಕೆ ಬೇಯಿಸುವ ಒಲೆಯ ಜಾಲರಿ ಮಾಡುವ ವೆಲ್ಡಿಂಗ್ ಮೇಸ್ತ್ರಿಯೊಬ್ಬರ ಹತ್ತಿರ ಕಬ್ಬಿಣದ ಪಟ್ಟಿಯಲ್ಲಿ ಎರಡು ಚೌಕಟ್ಟು ಮಾಡಿಸಿದೆ. ಬಲಗಡೆಯದು ಕಾಲುಮೆಟ್ಟಿನ ಹತ್ತಿರದ ದಪ್ಪ ಬೋಲ್ಟಿಗೆ ಚೆನ್ನಾಗಿ ಕಚ್ಚಿತು. ಎಡಗಡೆಯದನ್ನು ಕಚ್ಚಿಸಿದ್ದು ಸೀರೆ ಗಾರ್ಡು ಕೂರಿಸಿದ್ದ ಎರಡು ಬೋಲ್ಟುಗಳಿಗೆ. ಗಾರ್ಡು ತೆಗೆದರೆ ತಯಾರಾದ ಎರಡು ತೂತು ಎದುರಿಗೇ ಇದ್ದವು, ಅಷ್ಟೇ ಕಾರಣ. ಮೇಸ್ತ್ರಿ ಕನ್ನಡಕ ಹಣೆಗೇರಿಸಿ ನೋಡಿದರು.

‘ಇದು ಸೀರೆ ತಡೆಯೂಕೆ ಕೊಟ್ಟ ಬೋಲ್ಟು ಡಾಕ್ಟ್ರೇ. ನಿಮ್ಮ ಆಸ್ಪತ್ರೆ ಹೊರೂಕಲ್ಲ.’

‘ಹತ್ತು ಕೇಜಿನೂ ಇಲ್ಲ ಮಾರಾಯ್ರೆ.’

‘ನಿಂತಾಗ ಹತ್ತು ಕೇಜಿ. ಹೊಂಡಕ್ಕೆ ಹಾರಿದಾಗ?’

ಹಿಂದಿನಿಂದ ಒಂದು ಪೈಪನ್ನು ಬಳಸಿ ತಂದು ಎರಡೂ ಬದಿಯನ್ನು ಒಂದಕ್ಕೊಂದು ಕಟ್ಟಬೇಕು, ಆಗ ಒಂದು ಬದಿಯ ಪೆಟ್ಟು ಇನ್ನೊಂದಕ್ಕೂ ಹಂಚಿಹೋಗುತ್ತದೆ, ಗಾಡಿ ಅರ್ಧ ದಿನ ಬಿಟ್ಟು ಹೋಗಿ ಎಂದರು. ಆ ಹೊತ್ತಿಗೆ ಯಾರದೋ ಫೋನು ಬಂತು, ಎಮ್ಮೆಗೆ ಕರು ಸಿಕ್ಕಿಕೊಂಡಿದೆ ಎಂದು. ಮುಂದಿನ ವಾರ ತರ್ತೇನೆ ಅಂದೆ. ಆ ಮುಂದಿನ ವಾರ ಹದಿನಾಲ್ಕು ತಿಂಗಳು ಬರಲಿಲ್ಲ.

ಕಬ್ಬಿಣ ತಾನಾಗಿ ಸುಮ್ಮನೆ ಮುರಿಯುವುದಿಲ್ಲ, ಹೇಳಿ ಮುರಿಯುತ್ತದೆ. ಮೊದಲು ಬೋಲ್ಟು ವಾರಕ್ಕೊಮ್ಮೆ ಸಡಿಲಾಗತೊಡಗಿತು. ಬಿಗಿದೆ. ಆಮೇಲೆ ಎರಡು ವಾಷರು ಸೇರಿಸಿದೆ. ಕೆಟ್ಟ ರಸ್ತೆಯಲ್ಲಿ ನಾನು ಕಾಲುಮೆಟ್ಟಿನ ಮೇಲೆ ಎದ್ದು ನಿಂತೇ ಗಾಡಿ ಬಿಡುವುದು. ಮೊಣಕಾಲು ಮಡಚಿ ಪೆಟ್ಟನ್ನು ನುಂಗಿಕೊಳ್ಳುತ್ತದೆ. ಪೆಟ್ಟಿಗೆಗೆ ಮೊಣಕಾಲು ಇಲ್ಲವಲ್ಲ, ಅಷ್ಟೂ ಪೆಟ್ಟು ಆ ಬೆಸುಗೆಯ ಪಕ್ಕಕ್ಕೇ ಹೋಗಬೇಕು. 2021ರ ಜುಲೈ ಮೊದಲ ವಾರ ಗಾಡಿ ತೊಳೆಯುವಾಗ ಎಡ ಚೌಕಟ್ಟಿನ ಕಿವಿಯಲ್ಲಿ, ಬೆಸುಗೆ ಮುಗಿಯುವಲ್ಲಿ, ಕೂದಲೆಳೆಯಷ್ಟು ಕಂದು ಗೆರೆ ಕಂಡಿತು. ಬಣ್ಣ ಬಿರುಕು ಬಿಟ್ಟು ತುಕ್ಕು ಇಳಿದದ್ದು. ಮನೆಯ ಗೇಟಿಗೆ ಬಳಿದು ಉಳಿದ ಕಪ್ಪು ಬಣ್ಣವಿತ್ತು. ಬ್ರಷ್ಷಿನಲ್ಲಿ ಒಂದು ಎಳೆ ಬಳಿದೆ. ಗೆರೆ ಕಾಣಲಿಲ್ಲ.

ಅದಾದ ಮೂರನೆಯ ರಾತ್ರಿ.

ಎಂಟೂವರೆಯ ಹೊತ್ತಿಗೆ ಒಬ್ಬ ಹುಡುಗ ಸ್ಕೂಟರಿನಲ್ಲಿ ತೊಯ್ದು ತೊಪ್ಪೆಯಾಗಿ ಕ್ವಾರ್ಟರ್ಸಿಗೆ ಬಂದ. ಅವರ ಕಡೆ ನೆಟ್‌ವರ್ಕ್ ಇಲ್ಲ. ಪಕ್ಕದ ಮನೆಯ ಅಮ್ಮನ ದನ ಬಿದ್ದಿದೆ, ನಿನ್ನೆ ಬೆಳಿಗ್ಗೆ ಕರು ಹಾಕಿತ್ತು, ಮಧ್ಯಾಹ್ನದಿಂದ ಏಳುತ್ತಿಲ್ಲ, ಕತ್ತು ಹೊಟ್ಟೆ ಕಡೆ ತಿರುಗಿಸಿಕೊಂಡಿದೆ ಎಂದ. ಅಷ್ಟು ಕೇಳಿದರೆ ಸಾಕು. ಹಾಲು ಜ್ವರ. ಹೆಸರು ಜ್ವರ, ನಿಜದಲ್ಲಿ ಮೈ ತಣ್ಣಗಾಗುತ್ತದೆ. ನಮ್ಮ ಮಲೆನಾಡು ಗಿಡ್ಡಕ್ಕೆ ಇದು ಬರುವುದು ಅಪರೂಪ, ಅದರ ಹಾಲೂ ಅಷ್ಟಕ್ಕಷ್ಟೆ. ಹೆಚ್ಚು ಹಾಲಿನ ಮಿಶ್ರತಳಿ ಹಸುಗಳಿಗೆ, ಮೂರನೆಯ ನಾಲ್ಕನೆಯ ಸೂಲಿನಲ್ಲಿ ಬರುತ್ತದೆ. ಮೈಯ ಕ್ಯಾಲ್ಸಿಯಂ ಎಲ್ಲ ಗಿಣ್ಣುಹಾಲಿಗೆ ಹರಿದುಹೋಗಿ ಮೊದಲು ಕಾಲಿನ ಸ್ನಾಯು ಸೋಲುತ್ತದೆ, ಆಮೇಲೆ ಹೊಟ್ಟೆ, ಕೊನೆಗೆ ಹೃದಯ. ಔಷಧಿ ಮಾತ್ರ ಸರಳ. ಕ್ಯಾಲ್ಸಿಯಂ ಬಾಟ್ಲಿಯನ್ನು ಮೈಬಿಸಿಗೆ ತಂದು, ಎದೆಬಡಿತ ಕೇಳುತ್ತ, ನಿಧಾನಕ್ಕೆ ಕತ್ತಿನ ನರಕ್ಕೆ ಬಿಡುವುದು. ಬಾಟ್ಲಿ ಮುಗಿಯುವ ಹೊತ್ತಿಗೆ ಹಸು ನಡುಗುತ್ತದೆ, ತೇಗುತ್ತದೆ, ಸೆಗಣಿ ಹಾಕುತ್ತದೆ, ಅರ್ಧ ಗಂಟೆಯಲ್ಲಿ ಏನೂ ಆಗಿಲ್ಲವೆಂಬಂತೆ ಎದ್ದು ಕರು ನೆಕ್ಕುತ್ತದೆ. ದನದ ಡಾಕ್ಟರನ್ನು ಜನ ದೇವರ ಹಾಗೆ ನೋಡುವುದು ಈ ಒಂದು ಕಾಯಿಲೆಯಲ್ಲಿ. ಎರಡು ಬಾಟ್ಲಿ ಎಡಗಡೆಯ ಪೆಟ್ಟಿಗೆಯಲ್ಲಿತ್ತು. ಕೂಡಲೇ ಹೊರಟೆ.

ಹದಿನಾಲ್ಕು ಕಿಲೋಮೀಟರು. ಕೊನೆಯ ಮೂರು ಮಣ್ಣಿನದು, ನಡುವೆ ಒಂದು ಹಳ್ಳ. ಮಳೆಯೆಂದರೆ ಹೆಲ್ಮೆಟ್ಟಿನ ಮೇಲೆ ಯಾರೋ ಅಕ್ಕಿ ಸುರಿದ ಹಾಗೆ ಸದ್ದು. ಹಳ್ಳ ದಾಟುವಾಗ ಒಂದು ಕಲ್ಲಿಗೆ ಹಿಂದಿನ ಚಕ್ರ ಬಡಿದು ಗಾಡಿ ಒಮ್ಮೆ ಎತ್ತಿ ಹಾಕಿದ್ದು ನೆನಪಿದೆ. ಬೀಳಲಿಲ್ಲವಲ್ಲ ಎಂದು ಸಮಾಧಾನಪಟ್ಟುಕೊಂಡದ್ದೂ ನೆನಪಿದೆ.

ಅಂಗಳದಲ್ಲಿ ಸ್ಟಾಂಡ್ ಹಾಕಿ, ಎಡಕ್ಕೆ ತಿರುಗಿ, ಕತ್ತಲಲ್ಲಿ ಮುಚ್ಚಳಕ್ಕೆಂದು ಕೈ ಚಾಚಿದೆ. ಕೈಗೆ ಏನೂ ಸಿಗಲಿಲ್ಲ.

ಟಾರ್ಚು ಬಿಟ್ಟೆ. ಚೌಕಟ್ಟೇ ಇರಲಿಲ್ಲ. ಬೋಲ್ಟುಗಳಲ್ಲಿ ಎರಡು ಕಬ್ಬಿಣದ ಕಿವಿಗಳು ಮಾತ್ರ ಉಳಿದಿದ್ದವು. ಮೇಲಿನದರ ಮುರಿದ ಜಾಗ ಎರಡು ಬಣ್ಣದಲ್ಲಿತ್ತು. ಒಂದು ತುದಿಯಲ್ಲಿ ಸ್ವಲ್ಪ ಮಾತ್ರ ಬೆಳ್ಳಿಯ ಹಾಗೆ ಹೊಸದು, ಹೊಳೆಯುತ್ತಿತ್ತು. ಉಳಿದದ್ದೆಲ್ಲ ಕಂದು. ಅಂದರೆ ಬಹುಪಾಲು ಎಂದೋ ಮುರಿದಾಗಿತ್ತು. ಆ ರಾತ್ರಿ ಮುರಿದದ್ದು ಕೊನೆಯ ಚೂರು.

ಕೊಟ್ಟಿಗೆಯಲ್ಲಿ ಹಸು ಮಲಗಿತ್ತು. ಕಿವಿ ಮುಟ್ಟಿದರೆ ತಣ್ಣಗೆ. ಹೊಟ್ಟೆ ಉಬ್ಬತೊಡಗಿತ್ತು. ಕೆಲವರ ಕೊಟ್ಟಿಗೆಯಲ್ಲಿ ಎಂಟು ಹತ್ತು ದನ ಇರುತ್ತವೆ. ಈ ಅಮ್ಮನಿಗೆ ಇದ್ದದ್ದು ಇದೊಂದೇ, ಡೇರಿಗೆ ಹಾಲು ಹಾಕಿ ಬದುಕುತ್ತಿದ್ದ ಒಂಟಿ ಜೀವ. ಕರು ಮೂಲೆಯಲ್ಲಿ ಗೋಣಿಯ ಮೇಲೆ ನಿಂತು ನನ್ನ ರೈನ್‌ಕೋಟು ಮೂಸಿತು. ನಾನು ಸ್ಟೆತಸ್ಕೋಪು ಇಟ್ಟೆ, ಯಾಕೆಂದರೆ ಕೊರಳಲ್ಲಿ ಇದ್ದದ್ದು ಅದೊಂದೇ. ಹಸುವನ್ನು ಅಡ್ಡ ಬೀಳದ ಹಾಗೆ ಎದೆಯ ಮೇಲೆ ಕೂರಿಸಿ, ಎರಡೂ ಪಕ್ಕಕ್ಕೆ ಹುಲ್ಲಿನ ಮೂಟೆ ಒತ್ತುಕೊಟ್ಟು, ಹುಡುಗನಿಗೆ ಹಿಡಿದುಕೊಂಡಿರಲು ಹೇಳಿ, ‘ಒಂದು ಔಷಧಿ ಬೇಕಮ್ಮ, ತರ್ತೇನೆ’ ಎಂದು ಹೊರಟೆ.

ಹಳ್ಳದಲ್ಲಿ ಅರ್ಧ ಗಂಟೆ ಹುಡುಕಿದೆ. ನೀರು ತೊಡೆಯವರೆಗಿತ್ತು, ಕೆಂಪು, ಟಾರ್ಚಿನ ಬೆಳಕು ಒಂದಿಂಚು ಒಳಗೆ ಹೋಗುವುದಿಲ್ಲ. ಆ ಅರ್ಧ ಗಂಟೆಯನ್ನು ಹುಡುಕಲು ಕಳೆಯದೆ ನೇರ ಆಸ್ಪತ್ರೆಗೆ ಹೋಗಿದ್ದರೆ ಎಂದು ಆಮೇಲೆ ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ. ಕೊನೆಗೆ ಆಸ್ಪತ್ರೆಗೇ ಹೋದೆ, ಎರಡು ಬಾಟ್ಲಿಯನ್ನು ಅಂಗಿಯೊಳಗೆ ಎದೆಗೆ ಕಟ್ಟಿಕೊಂಡು ತಿರುಗಿದೆ. ಬರುವಾಗ ರಸ್ತೆಗೆ ಮರ ಬಿದ್ದಿತ್ತು. ಗಾಡಿಯನ್ನು ಕೊಂಬೆಗಳ ನಡುವೆ ತೂರಿಸಲು ಹೋಗಿ ಸಿಕ್ಕಿಹಾಕಿಕೊಂಡು, ಒಬ್ಬನೇ ಎಳೆದೂ ಎಳೆದೂ ಬಿಡಿಸಿ, ಕೊಟ್ಟಿಗೆಗೆ ಬಂದಾಗ ಒಂದು ಗಂಟೆ ದಾಟಿತ್ತು. ಹುಡುಗ ಇನ್ನೂ ಹಸುವಿನ ತಲೆ ಹಿಡಿದುಕೊಂಡೇ ಕೂತಿದ್ದ. ಅದು ಸತ್ತು ಸುಮಾರು ಹೊತ್ತಾಗಿತ್ತು, ಅವನಿಗೆ ಗೊತ್ತಾಗಿರಲಿಲ್ಲ.

‘ದಾರಿಗೆ ಮರ ಬಿದ್ದಿತ್ತಮ್ಮ’ ಎಂದೆ. ಸುಳ್ಳಲ್ಲ.

‘ಮಳೆಗಾಲ ಅಲ್ವಾ’ ಎಂದರು. ಒಳಗೆ ಹೋಗಿ ಕಾಫಿ ಮಾಡಿಕೊಂಡು ಬಂದರು. ಹಾಲು ಅದೇ ಹಸುವಿನದು, ಗಿಣ್ಣಿನ ದಿನ ಇನ್ನೂ ಮುಗಿದಿರಲಿಲ್ಲವಾದ್ದರಿಂದ ಕಾಫಿ ಒಡೆದಿತ್ತು. ಅವರು ನಾಚಿಕೊಂಡು ಲೋಟ ವಾಪಸು ತೆಗೆದುಕೊಂಡು ಹೋಗಿ ಕಪ್ಪು ಕಾಫಿ ತಂದರು. ನಾನು ಕುಡಿದೆ.

ವಿಮೆ ಇರಲಿಲ್ಲ. ಕರುವಿಗೆ ಪಕ್ಕದ ಮನೆಯ ಹಸುವಿನ ಹಾಲು ಎಷ್ಟು, ಎಷ್ಟು ಸಲ ಎಂದು ಚೀಟಿಯಲ್ಲಿ ಬರೆದುಕೊಟ್ಟು ಬಂದೆ.

ಮರುದಿನವೇ ಗಾಡಿಯನ್ನು ಮೇಸ್ತ್ರಿಯ ಮುಂದೆ ನಿಲ್ಲಿಸಿದೆ. ಅವರು ಮುರಿದ ಕಿವಿಯನ್ನು ಬಿಚ್ಚಿ, ತಿರುಗಿಸಿ ನೋಡಿ, ಪಕ್ಕಕ್ಕಿಟ್ಟರು. ‘ನಾ ಹೇಳಿರಲಿಲ್ವಾ’ ಎನ್ನಬಹುದಿತ್ತು. ಅನ್ನಲಿಲ್ಲ. ‘ಸಾಮಾನು ಹೋಯ್ತಾ?’ ಎಂದರು. ‘ಹೋಯ್ತು’ ಎಂದೆ. ಅವತ್ತು ಅರ್ಧ ದಿನವಲ್ಲ, ಎರಡು ದಿನ ಕೂತೆವು. ಮೊದಲು ಔಷಧಿಯ ರಟ್ಟಿನ ಪೆಟ್ಟಿಗೆಗಳನ್ನು ಕತ್ತರಿಸಿ ಅಚ್ಚು ಮಾಡಿದೆವು. ಪಟ್ಟಿಯ ಬದಲು ಮುಕ್ಕಾಲು ಇಂಚಿನ ಪೈಪು. ಒಂದೊಂದು ಬದಿಗೆ ಮೂರು ಕಡೆ ಹಿಡಿತ: ಕಾಲುಮೆಟ್ಟಿನ ಬ್ರಾಕೆಟ್ಟಿನ ದಪ್ಪ ಬೋಲ್ಟು, ಮೇಲಿನ ಲಗೇಜ್ ಪ್ಲೇಟಿನ ಬೋಲ್ಟು, ಹಿಂದೆ ನಂಬರ್ ಪ್ಲೇಟಿನ ಕೆಳಗೆ ಬಳಸಿ ಬಂದ ಅಡ್ಡ ಪೈಪು. ಸೀರೆ ಗಾರ್ಡಿನ ತೂತುಗಳಿಗೆ ಸೀರೆ ಗಾರ್ಡೇ ವಾಪಸು. ಗಾಡಿಯ ಮೇಲೆ ಇಟ್ಟು ಬರೀ ಚುಕ್ಕಿ ಬೆಸುಗೆ, ಅದಕ್ಕೂ ಮೊದಲು ಬ್ಯಾಟರಿಯ ತಂತಿ ಬಿಚ್ಚಿಡಬೇಕು. ಇಲ್ಲದಿದ್ದರೆ ಈಗಿನ ಗಾಡಿಗಳ ಕಂಪ್ಯೂಟರು ಸುಟ್ಟುಹೋಗಬಹುದು. ಪೂರ್ತಿ ಬೆಸುಗೆಯನ್ನು ಕೆಳಗಿಳಿಸಿದ ಮೇಲೆ. ಬೋಲ್ಟು ಶಿವಮೊಗ್ಗದಿಂದ ತಂದೆ, ತಲೆಯ ಮೇಲೆ 8.8 ಎಂದು ಅಚ್ಚಿರುವಂಥವು. ನಟ್ಟು ಒಳಗೆ ನೈಲಾನ್ ಬಳೆ ಇರುವಂಥದ್ದು, ಅದು ನಡುಗಿದರೂ ಸಡಿಲಾಗುವುದಿಲ್ಲ. ಪೈಪಿಗೂ ಬ್ರಾಕೆಟ್ಟಿಗೂ ನಡುವೆ ರಬ್ಬರ್ ಬುಶ್ಶು. ಬಿಗಿಯಾಗಿ ಹಿಡಿದದ್ದು ಬೇಗ ಮುರಿಯುತ್ತದೆ, ಸ್ವಲ್ಪ ಅಲ್ಲಾಡಲು ಬಿಟ್ಟರೆ ಬಾಳುತ್ತದೆ ಎನ್ನುವುದು ಮೇಸ್ತ್ರಿಯ ವಾದ. ಗೇಟು ಮಾಡುವವರಿಗೆ ಇದು ಹೇಗೆ ಗೊತ್ತು ಎಂದರೆ, ‘ಟಿಲ್ಲರಿನ ಟ್ರೇಲರ್ ಎಷ್ಟು ಬೆಸೆದಿದೀನಿ’ ಎಂದರು. ಒಟ್ಟು 1,800 ರೂಪಾಯಿ ತೆಗೆದುಕೊಂಡರು.

ಇದಿಷ್ಟರ ಮೇಲೆ ನಾನೇ ಸೇರಿಸಿದ್ದು ಒಂದು ಉಕ್ಕಿನ ಹಗ್ಗ. ಪ್ರತಿ ಡಬ್ಬದ ಕುತ್ತಿಗೆಗೆ ಒಂದು ಸುತ್ತು, ಗಾಡಿಯ ಮೈಗೆ ಒಂದು ಸುತ್ತು. ಚೌಕಟ್ಟು ಮುರಿದರೂ ಡಬ್ಬ ನೇತಾಡಿಕೊಂಡು ಬರುತ್ತದೆ, ಸದ್ದು ಮಾಡುತ್ತದೆ. ಮತ್ತೆ, ಕ್ಯಾಲ್ಸಿಯಂ ಒಂದು ಬಾಟ್ಲಿ ಎಡಕ್ಕೆ, ಒಂದು ಬಲಕ್ಕೆ, ಒಂದು ಬೆನ್ನಿನ ಚೀಲಕ್ಕೆ.

ಸಾರಜನಕದ ಕ್ಯಾನಿನ ತೊಟ್ಟಿಲು ಕಟ್ಟಿದ್ದೂ ಆ ಎರಡು ದಿನಗಳಲ್ಲೇ. ಅದೊಂದು ವಿಚಿತ್ರ ವಸ್ತು. ಒಳಗೆ ಮೈನಸ್ 196 ಡಿಗ್ರಿ. ಅದರಲ್ಲಿ ಮುಳುಗಿರುವ, ಕಡ್ಡಿಯಷ್ಟು ಸಣ್ಣ, ಕಾಲು ಮಿಲಿಲೀಟರಿನ ಕೊಳವೆಗಳಲ್ಲಿ ಹೋರಿಯ ವೀರ್ಯ. ಕ್ಯಾನಿನ ಬಿರಡೆಯನ್ನು ಗಟ್ಟಿಯಾಗಿ ಮುಚ್ಚುವ ಹಾಗಿಲ್ಲ. ಒಂದು ಲೀಟರ್ ದ್ರವ ಆವಿಯಾದರೆ ಸುಮಾರು 700 ಲೀಟರ್ ಅನಿಲ, ಮುಚ್ಚಿದರೆ ಅದು ಬಾಂಬು. ಮುಚ್ಚುವ ಹಾಗಿಲ್ಲವಾದ್ದರಿಂದ ಮಲಗಿಸುವ ಹಾಗೂ ಇಲ್ಲ. ಒಳಪಾತ್ರೆ ಹೊರಪಾತ್ರೆಗೆ ತಾಗದೆ ಕುತ್ತಿಗೆಯೊಂದರಿಂದಲೇ ಜೋತುಬಿದ್ದಿರುತ್ತದೆ, ನಡುವೆ ನಿರ್ವಾತ. ಕುಲುಕಿ ಕುಲುಕಿ ಕುತ್ತಿಗೆಯಲ್ಲಿ ಬಿರುಕು ಬಂತೆಂದರೆ ನಿರ್ವಾತ ಹೋಗಿ, ಹೊರಗೆಲ್ಲ ಮಂಜು ಹಿಡಿದು, ಬೆಳಗಾಗುವುದರೊಳಗೆ ಸಾರಜನಕ ಖಾಲಿ, ಒಳಗಿದ್ದ ಅಷ್ಟೂ ಕರುಗಳು ಖಾಲಿ. ಅದಕ್ಕೆ ಲಗೇಜ್ ಪ್ಲೇಟಿನ ಮೇಲೆ ಕಬ್ಬಿಣದ ಬಳೆ ನಿಲ್ಲಿಸಿ, ಲಾರಿ ಟ್ಯೂಬಿನ ಎಂಟು ಪಟ್ಟಿಗಳನ್ನು ಎಳೆದು ಕಟ್ಟಿ, ನಡುವೆ ಕ್ಯಾನನ್ನು ಎಲ್ಲಿಯೂ ಕಬ್ಬಿಣ ತಾಗದಂತೆ ತೂಗುಬಿಟ್ಟೆ. ಮೊದಲು ಪಟ್ಟಿ ಸಡಿಲಾಗಿ ಕ್ಯಾನು ಯಕ್ಷಗಾನ ಕುಣಿಯಿತು. ಬಿಗಿದಾಗ ಅಲ್ಲಾಡದೆ ಪೆಟ್ಟು ಹಾಗೇ ಒಳಗೆ ಹೋಯಿತು. ನೀರು ತುಂಬಿದ ಬಾಟ್ಲಿಯನ್ನು ಅದರ ಜಾಗದಲ್ಲಿ ಕಟ್ಟಿ, ದಾರಿಯ ಕೊನೆಗೆ ಎಷ್ಟು ನೊರೆ ಎದ್ದಿದೆ ಎಂದು ನೋಡಿ ನೋಡಿ ಹದ ಕಂಡುಕೊಂಡೆ. ಆಸ್ಪತ್ರೆಯ ಸಹಾಯಕ ಇದನ್ನು ನೋಡಿ, ‘ಸಾರ್, ನಿಮ್ಮ ಮಕ್ಕಳನ್ನೂ ಇಷ್ಟು ಜೋಪಾನವಾಗಿ ಕೂರಿಸಿಕೊಂಡು ಹೋಗಿಲ್ಲ’ ಎಂದ.

ಆ ಅಮ್ಮನ ಮನೆಗೆ ಎರಡು ವರ್ಷ ನಾನು ಹೋಗಲಿಲ್ಲ. ಹೋಗಲಿಲ್ಲ ಎನ್ನುವುದಕ್ಕಿಂತ ತಪ್ಪಿಸಿಕೊಂಡೆ ಎನ್ನಬೇಕು. 2022ರಲ್ಲಿ ಚರ್ಮಗಂಟು ರೋಗ ಬಂದು ಮನೆಮನೆಗೆ ಲಸಿಕೆ ಹಾಕಿಸುವಾಗ ಆ ಹಳ್ಳದಾಚೆಯ ಮನೆಗಳನ್ನು ಸಹಾಯಕನಿಗೆ ಬರೆದುಕೊಟ್ಟೆ. ಕಾಲುಬಾಯಿ ಲಸಿಕೆಗೂ ಅವನೇ. ಅವನು ಬಂದು, ‘ಅಮ್ಮ ನಿಮ್ಮನ್ನು ಕೇಳಿದ್ರು’ ಎನ್ನುತ್ತಿದ್ದ. ಕರು ಚೆನ್ನಾಗಿ ಬೆಳೆದಿದೆಯಂತೆ, ಕಡಸಾಗಿದೆಯಂತೆ.

2023ರ ಅಕ್ಟೋಬರ್‌ನಲ್ಲಿ ಅವನು ರಜೆ ಮೇಲಿದ್ದಾಗ ಅದೇ ಹುಡುಗ ಬಂದ. ಈಗ ಮೀಸೆ ಬಂದಿತ್ತು. ಅಮ್ಮನ ಕಡಸು ಬೆಳಿಗ್ಗೆಯಿಂದ ಕೂಗುತ್ತಿದೆ, ಬೆದೆಗೆ ಬಂದಿದೆ ಎಂದ. ಬೆಳಿಗ್ಗೆ ಬೆದೆ ಕಂಡರೆ ಸಂಜೆಗೆ ಕೊಡಬೇಕು. ಕ್ಯಾನಿನಲ್ಲಿ ಕಡ್ಡಿ ಅದ್ದಿ ಸಾರಜನಕದ ಮಟ್ಟ ನೋಡಿ, ಆರು ಬೋಲ್ಟುಗಳನ್ನೂ ಸ್ಪಾನರಿನಲ್ಲಿ ಮುಟ್ಟಿ ನೋಡಿ ಹೊರಟೆ. ಹಳ್ಳದಲ್ಲಿ ಮೊಣಕಾಲುದ್ದ ತಿಳಿನೀರು. ಕಲ್ಲುಗಳೆಲ್ಲ ಕಾಣುತ್ತಿದ್ದವು. ಗಾಡಿಯನ್ನು ಬಡಿಸಿದ ಕಲ್ಲು ಯಾವುದೆಂದು ಗುರುತು ಹತ್ತಲಿಲ್ಲ.

ಕಡಸು ತಾಯಿಯ ಹಾಗೇ ಇತ್ತು, ಹಣೆಯ ಮೇಲೆ ಬಿಳಿ. ಅಮ್ಮ ಬಿಸಿನೀರು ತಂದರು. ಅದರಲ್ಲಿ ತಣ್ಣೀರು ಬೆರೆಸಿ 37 ಡಿಗ್ರಿಗೆ ತಂದು, ಕೊಳವೆಯನ್ನು ಅರ್ಧ ನಿಮಿಷ ಅದ್ದಿ ಕೆಲಸ ಮುಗಿಸಿದೆ. ಕೈ ತೊಳೆಯಲು ಸೋಪು ಕೇಳುತ್ತ ಬಚ್ಚಲ ಒಲೆಯ ಕಡೆ ತಿರುಗಿದಾಗ, ಸೌದೆ ಪೇರಿಸಿದ ಮೂಲೆಯಲ್ಲಿ ಅದು ಕಂಡಿತು. ನೀಲಿ. ಮುಚ್ಚಳ ಹಿಂದಕ್ಕೆ ಮಡಚಿತ್ತು. ಬಾಗಿಲಿನ ತಿರುಗಣಿ, ತಗಡಿನ ಬಿಲ್ಲೆಗಳು, ಅಂಚಿನಲ್ಲಿ ಸೈಕಲ್ ಟ್ಯೂಬು. ಒಳಗೆ ಕೌದಿಯ ಗೂಡುಗಳ ಮೇಲೆ ಒಂದು ಕೆಂಪು ಹೇಂಟೆ ರೆಕ್ಕೆ ಹರಡಿಕೊಂಡು ಕೂತಿತ್ತು. ನನ್ನನ್ನು ನೋಡಿ ಕೊರ್‌ ಎಂದಿತು.

ನಾನು ನೋಡುತ್ತಿರುವುದನ್ನು ಅಮ್ಮ ನೋಡಿದರು.

‘ಅದು ನಿಮ್ಮದೇ. ಆ ವರ್ಷ ಗದ್ದೆ ಬದುವಿನಲ್ಲಿ ಸಿಕ್ತು, ಮಳೆ ನಿಂತ ಮೇಲೆ. ಕಬ್ಬಿಣ ಒಂದು ಬದಿ ಮುರಿದಿತ್ತು.’

ಏನು ಹೇಳಬೇಕೋ ತಿಳಿಯಲಿಲ್ಲ. ಎರಡು ವರ್ಷದಿಂದ ಮನಸ್ಸಿನಲ್ಲಿ ಹೊಂದಿಸಿಟ್ಟ ಮಾತುಗಳು ಒಂದೂ ಬರಲಿಲ್ಲ. ‘ಅವತ್ತು ರಾತ್ರಿ ಅದರಲ್ಲೇ ಇತ್ತಮ್ಮ ಔಷಧಿ’ ಎಂದೆ.

‘ಹೌದು, ಇತ್ತಲ್ಲ’ ಎಂದು ಒಳಗೆ ಹೋದರು. ಬಂದಾಗ ಕೈಯಲ್ಲಿ ಎರಡು ಬಾಟ್ಲಿ. ಅಟ್ಟದ ಧೂಳು ಸೆರಗಿನಲ್ಲಿ ಒರೆಸಿ ಜಗುಲಿಯ ಮೇಲಿಟ್ಟರು. ಗಾಜು ಒಂದಿಷ್ಟೂ ಬಿರುಕು ಬಿಟ್ಟಿರಲಿಲ್ಲ. ಮುಚ್ಚಳದ ಸೀಲು ಹಾಗೇ ಇತ್ತು. ‘ಸರ್ಕಾರದ್ದು, ಎಸೆಯೂದು ಹೇಗೆ ಅಂತ ಇಟ್ಟಿದ್ದೆ. ನೀವು ಬರಲೇ ಇಲ್ಲ.’

‘ಯಾಕಮ್ಮ ಹೇಳಿ ಕಳಿಸಲಿಲ್ಲ?’

‘ಎಂತ ಹೇಳಿ ಕಳಿಸೂದು?’ ಎಂದರು. ಕಡಸಿನ ಕಡೆ ನೋಡಿ, ‘ಕಟ್ಟುತ್ತಾ ಡಾಕ್ಟ್ರೇ ಇದು?’ ಎಂದು ಕೇಳಿದರು.

‘ಮೂರು ವಾರ ನೋಡಿ. ಮತ್ತೆ ಕೂಗದಿದ್ದರೆ ಕಟ್ಟಿದೆ ಅಂತ.’

ಬಾಟ್ಲಿಗಳನ್ನು ತಿರುಗಿಸಿ ನೋಡಿದೆ. ಅವಧಿ ಮುಗಿದು ಏಳು ತಿಂಗಳಾಗಿತ್ತು. ಒಂದನ್ನು ಎಡಗಡೆಯ ಡಬ್ಬಕ್ಕೆ, ಒಂದನ್ನು ಬಲಗಡೆಯದಕ್ಕೆ ಹಾಕಿಕೊಂಡೆ, ಅಭ್ಯಾಸಬಲ. ಅಮ್ಮ ಹೊಸ ಪೆಟ್ಟಿಗೆಯನ್ನು, ಅದರ ಉಕ್ಕಿನ ಹಗ್ಗವನ್ನು ಬೆರಳಲ್ಲಿ ಎಳೆದು ನೋಡಿದರು. ಆಮೇಲೆ ಬಚ್ಚಲ ಮೂಲೆಯ ಕಡೆ ಕೈ ತೋರಿಸಿ, ‘ಅದನ್ನೂ ತಗೊಂಡು ಹೋಗಿ ಅಂತಿದ್ದೆ. ಕೋಳಿ ಕಾವಿಗೆ ಕೂತಿದೆ ಈಗ. ಇನ್ನೊಂದು ಹತ್ತು ದಿನ ಬಿಟ್ಟು ಬನ್ನಿ’ ಎಂದರು.